ಡಿಸ್ಕ್ ಹಾಕದೆಯೇ ಡ್ರೈವ್‌ನ ಬಾಯಿ ಬಿಡಿಸಿದ್ದು: ನನ್ನ ಅನುಭವ

ಸಿಡಿ, ಡಿವಿಡಿ ಡ್ರೈವ್‌ಗಳು ಏನೇನು ಮಾಡಬಲ್ಲವು ಅಂತ ತಿಳಿಸುವ ಸ್ಕ್ರಿಪ್ಟನ್ನು ಆಟೋಇಟ್ ಎಂಬ ಸರಳ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯಲು ಹೊರಟಿದ್ದೆ. "ಆಟೋಇಟ್‌ನಲ್ಲಿ ಇದೆಲ್ಲ ಆಗಲ್ಲ, ಸಿ ಪ್ಲಸ್ ಪ್ಲಸ್ ಕಲಿತು ಬಾ" ಅಂದಿದ್ದರು ಜೊತೆಯವರು. ಇನ್ನೊಬ್ಬರು "ಡಬ್ಲ್ಯುಎಂಐ ಇರುವಾಗ ಇಷ್ಟೆಲ್ಲ ಯಾಕೆ" ಅಂತ ನಕ್ಕರು. ಡಬ್ಲ್ಯುಎಂಐ ಅಂದರೆ ಕಂಪ್ಯೂಟರ್‌ನ ಭಾಗಗಳ ವಿವರ ಕೊಡುವ ವಿಂಡೋಸ್‌ನದೇ ವ್ಯವಸ್ಥೆ. ಈಗ ಅದೇ ಆಟೋಇಟ್ ಸ್ಕ್ರಿಪ್ಟ್ ನಲವತ್ತು ಚಿಲ್ಲರೆ ಕಂಪ್ಯೂಟರ್‌ಗಳಲ್ಲಿ ಓಡುತ್ತಿದೆ. ಯಾವ ಡ್ರೈವ್ ಏನು ಓದುತ್ತೆ, ಏನು ಬರೆಯುತ್ತೆ ಅಂತ ಒಂದೇ ಸಾಲಿನಲ್ಲಿ ಹೇಳುತ್ತದೆ. ಟ್ರೇ ಖಾಲಿ ಇದ್ದರೂ.

ಶುರುವಾಗಿದ್ದು ದುಡ್ಡು ಕಳೆದುಕೊಂಡು. ಹಳೆಯ ಫೈಲ್‌ಗಳನ್ನು ಡಿಸ್ಕ್‌ಗೆ ಬರೆದಿಡುವ ಕೆಲಸ ಬಂತು. ಡಬ್ಲ್ಯುಎಂಐ ಕೇಳಿದೆ. ಸಾಮರ್ಥ್ಯದ ಪಟ್ಟಿಯಲ್ಲಿ 4 ಅಂತ ಇದ್ದರೆ ಬರೆಯಬಲ್ಲದು ಅಂತ ಲೆಕ್ಕ ಅಲ್ವಾ? ಅದನ್ನೇ ನಂಬಿ 8.5 ಜಿಬಿಯ ಡಬಲ್ ಲೇಯರ್ ಡಿಸ್ಕ್ ಎರಡು ಡಬ್ಬ ತರಿಸಿದೆ. ಹೆಚ್ಚು ಕಡಿಮೆ ಅರ್ಧದಷ್ಟು ಡ್ರೈವ್‌ಗಳು 4.7 ಜಿಬಿ ಆಚೆ ಹೋಗಲೇ ಇಲ್ಲ. ನಾಲ್ಕೈದು ಹಳೇ ಕಾಂಬೋ ಡ್ರೈವ್‌ಗಳು, ಡಿವಿಡಿ ಬರೀ ಓದುತ್ತವೆ, ಬರೆಯುವುದು ಸಿಡಿ ಮಾತ್ರ. ಬರೆಯುತ್ತದೆ ಅನ್ನುವುದು ಸುಳ್ಳಲ್ಲ, ಏನನ್ನು ಬರೆಯುತ್ತದೆ ಅಂತ 4 ಹೇಳಲಿಲ್ಲ. ಡಬ್ಬ ಇನ್ನೂ ಕಪಾಟಿನಲ್ಲಿದೆ. ಪಟ್ಟಿ ಮಾಡಿಕೊಡುವ ಟೂಲ್ ಸಿಕ್ಕಿತು, ಆದರೆ ಕಂಪ್ಯೂಟರ್‌ಗೊಂದು ಲೈಸೆನ್ಸ್ ಕೇಳಿತು. ಆ ದುಡ್ಡಿಗೆ ಎಲ್ಲಾ ಡ್ರೈವ್ ಹೊಸದೇ ಹಾಕಿಸಬಹುದಿತ್ತು.

ಆಮೇಲೆ ಮಾಡೆಲ್ ಹೆಸರಿನಲ್ಲಿ 'ಆರ್‌ಡಬ್ಲ್ಯು' (ಅಳಿಸಿ ಮತ್ತೆ ಬರೆಯಬಲ್ಲದ್ದು), 'ಬಿಡಿ' (ಬ್ಲೂ-ರೇ) ಹುಡುಕಿದೆ. ನಾಚಿಕೆಗೇಡು, ಬಿಡಿ. 'ಸಿಡಿಆರ್‌ಡಬ್ಲ್ಯು/ಡಿವಿಡಿ' ಅನ್ನುವ ಕಾಂಬೋವನ್ನು ಡಿವಿಡಿ ರೈಟರ್ ಅಂತ ಎಣಿಸಿತು. ಡಿಸ್ಕ್ ಬರೆಯಲು ಮೈಕ್ರೋಸಾಫ್ಟ್ ಕೊಟ್ಟಿರುವ ಐಎಂಎಪಿಐ2 ಚೆನ್ನಾಗಿದೆ, ಪ್ರೊಫೈಲ್ ಪಟ್ಟಿಯನ್ನೂ, ಅಂದರೆ ಡ್ರೈವ್‌ಗೆ ಗೊತ್ತಿರುವ ಡಿಸ್ಕ್ ಬಗೆಗಳ ಪಟ್ಟಿಯನ್ನೂ ಕೊಡುತ್ತದೆ. ವಿಸ್ಟಾದಿಂದ ಈಚೆಗೆ ಅದು ವಿಂಡೋಸ್ ಜೊತೆಗೇ ಬರುತ್ತೆ, ಎಕ್ಸ್‌ಪಿಗೆ ಬೇರೆಯಾಗಿ ಹಾಕಬೇಕು. ನನ್ನ ಹತ್ತಿರ ಎಕ್ಸ್‌ಪಿ ಆರೇಳು ಇದ್ದವು, ಒಂದೊಂದಕ್ಕೂ ಕೂತು ಹಾಕುವ ತಾಳ್ಮೆ ಇರಲಿಲ್ಲ.

ಕೊನೆಗೆ ಡ್ರೈವನ್ನೇ ನೇರ ಕೇಳೋಣ ಅಂತ ಗೆಟ್ ಕಾನ್ಫಿಗರೇಶನ್‌ಗೆ ಇಳಿದೆ, ನೀನು ಏನೇನು ಮಾಡಬಲ್ಲೆ ಅಂತ ಡ್ರೈವನ್ನು ಕೇಳುವ ಆಜ್ಞೆ ಅದು. ಕಳಿಸಿದ್ದು ಡಿವೈಸ್ಐಓಕಂಟ್ರೋಲ್ ಎಂಬ ವಿಂಡೋಸ್ ಫಂಕ್ಷನ್ ಮೂಲಕ, ಕೋಡ್ ಹೆಕ್ಸ್ (ಹದಿನಾರರ ಎಣಿಕೆ) 24058. ಆಜ್ಞೆಯನ್ನು ಹಾಗೇ ಡ್ರೈವ್‌ಗೆ ದಾಟಿಸುವ ಪಾಸ್ ಥ್ರೂ ಕೂಡ ಆಗುತ್ತೆ, ಆದರೆ ಅದಕ್ಕೆ ಬರೆಯುವ ಅನುಮತಿಯೂ ಬೇಕು. ಇದಕ್ಕೆ ಓದುವ ಅನುಮತಿ ಸಾಕು.

ಮೊದಲ ವಾರ ಪೂರ್ತಿ ತಪ್ಪುಗಳೇ. ಉತ್ತರದ ಮೊದಲ ಭಾಗವಾದ ಹೆಡರ್‌ನ 6, 7ನೇ ಬೈಟ್ ಓದಿ ಡ್ರೈವ್‌ನ ಜಾತಿ ತೀರ್ಮಾನಿಸುತ್ತಿದ್ದೆ. ಖಾಲಿ ಇದ್ದರೆ ಸೊನ್ನೆ. ಹಾಡಿನ ಸಿಡಿ ಹಾಕಿದರೆ ಬ್ಲೂ-ರೇ ಡ್ರೈವ್ ಕೂಡ ಸಿಡಿ ಡ್ರೈವ್! ಅದು ಈಗ ಒಳಗಿರುವ ಡಿಸ್ಕ್‌ನ ಪ್ರೊಫೈಲ್ ಅಷ್ಟೇ. ಪೂರ್ತಿ ಪಟ್ಟಿ 12ನೇ ಬೈಟ್‌ನಿಂದ, ನಾಲ್ಕು ನಾಲ್ಕು ಬೈಟ್‌ನಂತೆ ಸಾಗುತ್ತೆ. ಅಲ್ಲೂ ಎಡವಿದೆ. ಸಂಖ್ಯೆಯಲ್ಲಿ ಹೆಚ್ಚು ಬೆಲೆಯ ಬೈಟ್ ಮೊದಲು ಬರುತ್ತೆ ಅನ್ನೋದನ್ನು ಮರೆತು ಡಿವಿಡಿ-ರೋಮ್‌ನ ಹೆಕ್ಸ್ 10 (ಅಂದರೆ 16) ನನಗೆ 4096 ಆಗಿ ಕಂಡಿತು. ಆಮೇಲೆ 64 ಬಿಟ್‌ಗೆ ಕಂಪೈಲ್ ಮಾಡಿದೆ, ಎಲ್ಲ ನಿಂತಿತು. ಪ್ರಶ್ನೆಯ ಜೊತೆ ಕಳಿಸುವ ಇನ್‌ಪುಟ್ ಸ್ಟ್ರಕ್ಚರ್ 32 ಬಿಟ್‌ನಲ್ಲಿ 16 ಬೈಟ್, 64ರಲ್ಲಿ 24. ನಾನು 16 ಅಂತ ಕೈಯಾರೆ ಬರೆದಿಟ್ಟಿದ್ದೆ. ಅದರೊಳಗಿನ ಪಾಯಿಂಟರ್‌ಗಳನ್ನು (ಮೆಮೊರಿ ವಿಳಾಸ) ಪಾಯಿಂಟರ್ ಅಂತಲೇ ಘೋಷಿಸಿ, ಅಳತೆ ಸ್ಕ್ರಿಪ್ಟ್‌ಗೇ ಬಿಡಿ.

ಜಾಸ್ತಿ ಸತಾಯಿಸಿದ್ದು ಹೆಕ್ಸ್ 2ಬಿ. ಪ್ರೊಫೈಲ್ ಪಟ್ಟಿಯಲ್ಲಿ 2ಬಿ ಅಂದರೆ ಡಿವಿಡಿ ಪ್ಲಸ್ ಆರ್ ಡಬಲ್ ಲೇಯರ್. ಡ್ರೈವ್‌ನ ಸಾಮರ್ಥ್ಯಗಳ, ಅಂದರೆ ಫೀಚರ್ ಪಟ್ಟಿಯಲ್ಲಿ ಅದೇ 2ಬಿ ಅಂದರೆ ಸಾದಾ ಡಿವಿಡಿ ಪ್ಲಸ್ ಆರ್. ಎರಡನ್ನೂ ಒಂದೇ ಟೇಬಲ್‌ಗೆ ತುಂಬಿದ್ದೆ. ಇದ್ದಬದ್ದ ಡ್ರೈವೆಲ್ಲ ಡಬಲ್ ಲೇಯರ್ ಆಯಿತು. ಆ ರಿಪೋರ್ಟ್ ನಂಬಿ ಮೂರನೇ ಡಬ್ಬ ತರಿಸುವವನಿದ್ದೆ. ಈಗ ಫೀಚರ್‌ನ ಬರೆಯುವ ಬಿಟ್ ಪ್ರೊಫೈಲ್ ಜೊತೆ ತಾಳೆಯಾದರೆ ಮಾತ್ರ ರೈಟರ್ ಅಂತ ಒಪ್ಪುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ. ಮೋಡ್ ಸೆನ್ಸ್ ಎಂಬ ಹಳೆಯ ಆಜ್ಞೆ ಕೊಡುವ 2ಎ ಪುಟದಲ್ಲಿ ಡ್ರೈವ್‌ನ ಗರಿಷ್ಠ ವೇಗ ಇರುತ್ತೆ. ಒಂದರಲ್ಲಿ ಸೆಕೆಂಡಿಗೆ 8467 ಕೆಬಿ ಅಂತ ಬಂತು. ಸಿಡಿಯ ಒಂದು ಪಟ್ಟು ಸುಮಾರು 176 ಕೆಬಿ, ಭಾಗಿಸಿದರೆ 48 ಪಟ್ಟು! ಖುಷಿಯಾಗಿ ಅದನ್ನೂ ರಿಪೋರ್ಟ್‌ಗೆ ಹಾಕಿದೆ. ಆದರೆ ಆ ಪುಟಕ್ಕೆ ಬ್ಲೂ-ರೇ ಗೊತ್ತೇ ಇಲ್ಲ, ಹೊಸ ಡ್ರೈವ್‌ಗಳಲ್ಲಿ ಅದನ್ನು ನೆಚ್ಚಿಕೊಳ್ಳೋಕೂ ಆಗಲ್ಲ. ತೆಗೆದು ಹಾಕಿದೆ. ಇನ್ನೊಂದು ರಾತ್ರಿ ಡಿವಿಡಿ ರೀಜನ್ (ಯಾವ ದೇಶಗಳ ಡಿಸ್ಕ್ ಓಡುತ್ತೆ ಅನ್ನುವ ಗುರುತು) ಇನ್ನೆಷ್ಟು ಸಲ ಬದಲಿಸಬಹುದು ಅಂತ ಓದಿಸಿದೆ. ಒಟ್ಟು 5 ಸಲ ಅವಕಾಶ. ಓದಿದರೆ ಖರ್ಚಾಗಲ್ಲ, ಹೆದರಬೇಡಿ.

ಐಎಸ್ಓ (ಡಿಸ್ಕ್‌ನ ನಕಲು ಫೈಲ್) ಮೌಂಟ್ ಮಾಡಿದ್ದು, ಹಳೇ ಯುಎಸ್‌ಬಿ ಇಂಟರ್‌ನೆಟ್ ಡಾಂಗಲ್, ಎಲ್ಲವೂ ವಿಂಡೋಸ್‌ಗೆ ಸಿಡಿ ಡ್ರೈವೇ, ಟೈಪ್ 5. ಬಸ್ ಟೈಪ್ (ಯಾವ ಬಗೆಯಲ್ಲಿ ಜೋಡಿಸಿದೆ ಅಂತ) ಕೇಳಿದರೆ ಯುಎಸ್‌ಬಿಗೆ 7, ಸಾಟಾಗೆ 11 ಅಂತ ಬರುತ್ತೆ. ಅಷ್ಟರಿಂದಲೇ ಡಾಂಗಲ್ ಮತ್ತು ನಿಜವಾದ ಯುಎಸ್‌ಬಿ ಡ್ರೈವ್ ಬೇರೆಯಾಗಲ್ಲ. ನಾನು ಇನ್ನೆರಡು ಗುರುತು ನೋಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಉಳಿದ ತಲೆನೋವು ಒಂದೇ. ಕೆಲವು ಯುಎಸ್‌ಬಿ ಡ್ರೈವ್ ನಿದ್ದೆಯಿಂದ ಎದ್ದ ಮೇಲೆ ಮೊದಲ ಪ್ರಶ್ನೆಗೆ ಉತ್ತರ ಕೊಡಲ್ಲ. ಸ್ವಲ್ಪ ಕಾದು ಮೂರು ಸಲ ಕೇಳಿಸುತ್ತೇನೆ, ಎರಡನೆಯದಕ್ಕೇ ಸಾಮಾನ್ಯವಾಗಿ ಬಾಯಿ ಬಿಡುತ್ತೆ. ಒಂದು ಮಾತ್ರ ಮೂರಕ್ಕೂ ಸುಮ್ಮನಿರುತ್ತೆ. ಅದರ ಸಾಲನ್ನು ಕೈಯಲ್ಲೇ ತುಂಬುತ್ತಿದ್ದೇನೆ.