ಕಾಮಣಿ ಬಂದ ಓಣಿಯಲ್ಲಿ ಪೈಪ್ ಹುಡುಕಿದ್ದು

ಯಾದಗಿರಿ ತಾಲ್ಲೂಕಿನ ಹಳ್ಳಿಗಳಲ್ಲಿ ನಾನು ಆರೋಗ್ಯ ನಿರೀಕ್ಷಕ. ಒಂದು ಮಳೆಗಾಲ ಒಂದೇ ಓಣಿಯ ಒಂಬತ್ತು ಜನರಿಗೆ ಕಾಮಣಿ, ಅಂದರೆ ಕಾಮಾಲೆ ಬಂತು. ಕಣ್ಣು ಹಳದಿ, ಊಟ ಸೇರದು, ವಾಂತಿ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಇ, ಅಂದರೆ ವೈರಸ್ಸಿನಿಂದ ಬರುವ ಲಿವರ್ ರೋಗ ಅಂತ ಗೊತ್ತಾಯಿತು.

ಅವತ್ತೇ ಕೆಲವರು ಹಂದಿ ಸಾಕುವವರ ಮನೆ ಮುಂದೆ ಸೇರಿದರು. ಈ ರೋಗ ಹಂದಿಯಿಂದ ಬರುತ್ತದೆ ಎಂದು ಯಾರೋ ಮೊಬೈಲಿನಲ್ಲಿ ಓದಿದ್ದರು. "ಮೊದ್ಲ ಇವನ್ನ ಊರ ಹೊರಗ ಹಾಕಸ್ರಿ ಸರ್" ಅಂದರು. ಆ ಮನೆಯ ಹುಡುಗನೂ ಕಾಮಣಿಯಿಂದ ಮಲಗಿದ್ದ. ಅದನ್ನು ಯಾರೂ ಕೇಳಲಿಲ್ಲ.

ಓದಿದ್ದು ಸುಳ್ಳಲ್ಲ. ಈ ವೈರಸ್ಸಿನ ಮೂರನೇ, ನಾಲ್ಕನೇ ಬಗೆಗಳು ಹಂದಿಯಿಂದ ಮನುಷ್ಯರಿಗೆ ದಾಟುತ್ತವೆ. ಯುರೋಪ್, ಜಪಾನ್ ಕಡೆ ಅರೆಬೆಂದ ಹಂದಿಯ ಲಿವರ್ ತಿಂದವರಿಗೆ ಹೀಗೆ ಬಂದಿದೆ. ಆದರೆ ನಮ್ಮಲ್ಲಿ ಓಣಿಗೆ ಓಣಿಯನ್ನೇ ಮಲಗಿಸುವುದು ಒಂದನೇ ಬಗೆ. ಅದು ಮನುಷ್ಯರ ಮಲದಿಂದ ಕುಡಿಯುವ ನೀರಿಗೆ ಸೇರುತ್ತದೆ. 1955ರ ಕೊನೆಗೆ ದೆಹಲಿಯಲ್ಲಿ ಕೊಳಚೆ ನೀರು ನಳಕ್ಕೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಗಿದ್ದು ಇದರಿಂದಲೇ.

ಮೊದಲು ಓಣಿಯ ಬಸುರಿಯರನ್ನು ವಿಚಾರಿಸಿದೆ. ಕೊನೆಯ ಮೂರು ತಿಂಗಳಲ್ಲಿ ಈ ರೋಗ ಬಂದರೆ ನೂರರಲ್ಲಿ 20ರಿಂದ 25 ಜನ ಸಾಯಬಹುದು. ಏಳು ತಿಂಗಳಾದ ಒಬ್ಬಾಕೆಗೆ ವಾಂತಿ ಶುರುವಾಗಿತ್ತು. ಅದೇ ಗಂಟೆಗೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಆಕೆ ಉಳಿದಳು.

ಆಮೇಲೆ ನೀರು. ವೈರಸ್ ಹೊಕ್ಕ ಎರಡರಿಂದ ಹತ್ತು ವಾರಕ್ಕೆ ರೋಗ ಕಾಣುತ್ತದೆ. ಹಾಗಾಗಿ ನಿನ್ನೆಯ ನೀರಿನ ಬಗ್ಗೆ ಕೇಳಿ ಉಪಯೋಗವಿಲ್ಲ, ಅಲ್ವಾ? ಐದಾರು ವಾರದ ಹಿಂದೆ ಏನಾಯಿತು ಅಂತ ನೀರಗಂಟಿಯನ್ನು ಕೇಳಿದೆ. ಗಟಾರ ಅಗೆಯುವಾಗ ಪೈಪ್ ಒಡೆದಿತ್ತು ಅಂದ. ಇಬ್ಬರೂ ನಡೆದುಕೊಂಡು ಹೋಗಿ ನೋಡಿದೆವು. ಪೈಪ್ ಗಟಾರದೊಳಗೇ ಹಾದಿತ್ತು. ಒಡೆದ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದರು. ನೀರು ಬಿಡುವುದು ಮೂರು ದಿನಕ್ಕೊಮ್ಮೆ. ಉಳಿದ ಹೊತ್ತು ಖಾಲಿ ಪೈಪು ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತಿತ್ತು.

ಆ ತುಂಡು ಕಿತ್ತು ಪೈಪನ್ನು ಗಟಾರದಿಂದ ಮೇಲೆ ತಂದೆವು. ಟ್ಯಾಂಕ್ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ನೀರು ಬಿಟ್ಟಾಗೆಲ್ಲ ಕೊನೆಯ ಮನೆಯ ನಳದಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿದೆ. ಟ್ಯಾಂಕಿನ ಹತ್ತಿರ ನೋಡಿದರೆ ಸಾಲದು. ಮನೆಮನೆಗೆ ಹೋಗಿ ನೀರು ಕುದಿಸಿ ಕುಡಿಯಿರಿ ಅಂದೆ.

ಹಂದಿ ಸಾಕುವವರಿಗೂ ಹೇಳಿದೆ: ಹಂದಿಗೂಡು ಸ್ವಚ್ಛ ಮಾಡಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಲಿವರ್ ಪೂರ್ತಿ ಬೇಯಿಸಿ. ವೈರಸ್ ಇದ್ದರೂ ಹಂದಿ ಆರಾಮಾಗಿಯೇ ಕಾಣುತ್ತದೆ.

ಪೈಪ್ ಸರಿಯಾದ ಮೇಲೂ ನಾಲ್ಕು ಜನರಿಗೆ ಕಾಮಣಿ ಬಂತು. ಜನ ಸಿಟ್ಟಾದರು. ಅವರು ಮೊದಲೇ ಆ ನೀರು ಕುಡಿದವರು ಅಂತ ಪ್ರತಿ ಮನೆಯಲ್ಲೂ ಕೂತು ತಿಳಿಸಿದೆ. ಏಳನೇ ವಾರದಿಂದ ಹೊಸಬರು ಯಾರೂ ಬರಲಿಲ್ಲ.