ಯಾವಾಗ ಆರ್ಡರ್, ಯಾವಾಗ ಮಾತುಕತೆ, ಯಾವಾಗ ಸುಮ್ನೆ

ನಮ್ಮೂರ ಹಾಲಿನ ಡೈರಿಯಲ್ಲಿ 18 ವರ್ಷ ಕಾರ್ಯದರ್ಶಿಯಾಗಿದ್ದೆ. ಅಕ್ಕಪಕ್ಕದ ಊರಲ್ಲಿ ಹೊಸದಾಗಿ ಕಾರ್ಯದರ್ಶಿ ಆದವರು ಬಂದು ಕೇಳುತ್ತಾರೆ: "ಕೆಲಸದವರನ್ನ ಗದರಿಸಬೇಕಾ ಅಣ್ಣ, ಬಿಟ್ಟುಬಿಡಬೇಕಾ?" ಮೊದಲು ಗಡಿಯಾರ ನೋಡಿ, ಆಮೇಲೆ ಎದುರಿಗೆ ಯಾರಿದ್ದಾರೆ ನೋಡಿ ಅನ್ನುತ್ತೇನೆ.

ಬೆಳಗ್ಗೆ ಆರೂವರೆಗೆ ಕ್ಯಾನ್ ಲಾರಿ. ಅಷ್ಟರಲ್ಲಿ ಊರಿನವರೆಲ್ಲರ ಹಾಲು ಅಳೆದು, ಸ್ಯಾಂಪಲ್ ತೆಗೆದು, ಫ್ಯಾಟ್ (ಕೊಬ್ಬಿನಂಶ) ನೋಡಿ ಚೀಟಿ ಕೊಡಬೇಕು. ಒಂದು ಮನೆಯ ಹುಳಿ ಹಾಲು ಬಿದ್ದರೆ 40 ಲೀಟರಿನ ಕ್ಯಾನೇ ಹಾಳು. ಆ ಹೊತ್ತಲ್ಲಿ ಚರ್ಚೆ ಬೇಡ, ಆರ್ಡರ್ ಕೊಡಿ. ಚಿಕ್ಕದಾಗಿ, ಹೆಸರು ಹಿಡಿದು. "ಯಾರಾದ್ರೂ ಕ್ಯಾನ್ ತೊಳೀರಪ್ಪಾ" ಅಂದರೆ ಯಾರೂ ತೊಳೆಯುವುದಿಲ್ಲ. ಲಾರಿ ಹೋದ ಮೇಲೆ ಐದು ನಿಮಿಷ ಕೂತು ಕಾರಣ ಹೇಳಿ.

ಆರ್ಡರ್ ಕೊಡುವ ಇದೇ ಅಭ್ಯಾಸದಲ್ಲಿ ನಾನು ಒಮ್ಮೆ ಕೆಟ್ಟೆ. ಯಾರನ್ನೂ ಕೇಳದೆ ಸಂಜೆ ಹಾಲು ಹಾಕುವ ಹೊತ್ತನ್ನು ಅರ್ಧ ಗಂಟೆ ಬೇಗ ಮಾಡಿ ಬೋರ್ಡ್ ಬರೆದೆ. ಹೊಲದಿಂದ ಬರುವ ಹೆಂಗಸರಿಗೆ ಅದು ಆಗಲಿಲ್ಲ. ಒಂದು ವಾರ ಹಾಲು ಖಾಸಗಿಯವನ ಪಾಲಾಯಿತು. ಒಬ್ಬ ಅಜ್ಜಿ ಅಂದರು: "ನಮ್ಮ ಹಸು ನಿನ್ನ ಗಡಿಯಾರ ನೋಡಲ್ಲ ಕಣಪ್ಪಾ."

ಅಂಥದ್ದಕ್ಕೆ ಸಭೆ ಕರೆಯಿರಿ. ಯಾವುದು ನಮ್ಮ ಕೈಲಿದೆ, ಯಾವುದು ಇಲ್ಲ ಅಂತ ಮೊದಲೇ ಹೇಳಿಬಿಡಿ. ಲಾರಿ ಹೊತ್ತು ಒಕ್ಕೂಟದ್ದು, ಬಾಗಿಲು ತೆಗೆಯುವ ಹೊತ್ತು ನಮ್ಮದು. ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ, ಇಲ್ಲದಿದ್ದರೆ ಎಲ್ಲರೂ ತಲೆಯಾಡಿಸಿ ಎದ್ದು ಹೋಗುತ್ತಾರೆ. ಗೋಡೆ ಪಕ್ಕ ಕೂತವರನ್ನು ಹೆಸರು ಹಿಡಿದು ಕೇಳಿ, ಅಜ್ಜಿಯಂಥವರು ಅಲ್ಲೇ ಇರುತ್ತಾರೆ.

ಇನ್ನು ಕೆಲಸ ಬಲ್ಲವರು. ಫ್ಯಾಟ್ ನೋಡುವ ನಮ್ಮ ಹಳೇ ಟೆಸ್ಟರ್‌ಗೆ ನಾನು ಏನೂ ಹೇಳುತ್ತಿರಲಿಲ್ಲ, ವಾರಕ್ಕೊಮ್ಮೆ ಪುಸ್ತಕ ನೋಡುತ್ತಿದ್ದೆ ಅಷ್ಟೇ. ಹೊಸ ಹುಡುಗನನ್ನೂ ಹಾಗೇ ಬಿಟ್ಟೆ. ಮೂರನೇ ದಿನ ಬಾಟಲಿ ನಂಬರ್ ಅದಲುಬದಲಾಗಿ, 4.2 ಫ್ಯಾಟ್ ಬರಬೇಕಾದವರ ಕೈಗೆ 3.4ರ ಚೀಟಿ ಹೋಯಿತು. ಬೈಗುಳ ತಿಂದವನು ಅವನು, ತಪ್ಪು ನನ್ನದು. ಹೊಸಬರ ಪಕ್ಕದಲ್ಲಿ 15 ದಿನ ನಿಂತುಕೊಳ್ಳಿ. ಮುಂದಿನ 15 ದಿನ ಕರೆದರೆ ಮಾತ್ರ ಹೋಗಿ.

1930ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಯವರು ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಲ್ಲಿ ಇವೇ ಮೂರು ರೀತಿ ಹೋಲಿಸಿದ್ದರು. ಹುಡುಗರು ಮಾಡುತ್ತಿದ್ದುದು ಮುಖವಾಡ ತಯಾರಿಸುವಂಥ ಕೆಲಸ. ಮುಖ್ಯಸ್ಥ ಕೋಣೆಯಿಂದ ಹೊರಗೆ ಹೋದಾಗ, ಬರೀ ಆರ್ಡರ್ ಮೇಲೆ ನಡೆಯುತ್ತಿದ್ದ ಗುಂಪಿನಲ್ಲಿ ಕೆಲಸ ತೀರಾ ಕುಸಿಯಿತು. ಕೂಡಿ ಮಾತಾಡಿ ಮಾಡುತ್ತಿದ್ದವರಲ್ಲಿ ಹೆಚ್ಚುಕಡಿಮೆ ಹಾಗೇ ನಡೆಯಿತು.

ಈ ಪರೀಕ್ಷೆ ನಿಮ್ಮಲ್ಲೂ ಮಾಡಿ. ಹಾಲು ಹಾಕುವ ಹೊತ್ತಲ್ಲೇ ಹತ್ತು ನಿಮಿಷ ಎದುರಿನ ಟೀ ಅಂಗಡಿಗೆ ಹೋಗಿ. ನಾನು ಮೊದಲ ಸಲ ಹೋದಾಗ ಅರ್ಧ ಲೋಟ ಕುಡಿಯುವಷ್ಟರಲ್ಲಿ ಕ್ಯೂ ನಿಂತುಹೋಗಿ, ಹುಡುಗ ಓಡಿ ಬಂದ. ಎರಡು ತಿಂಗಳ ಮೇಲೆ ಹೋದಾಗ ಟೀ ಪೂರ್ತಿ ಕುಡಿದೆ, ಕರೆಯಲು ಯಾರೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಸ್ವಲ್ಪ ಬೇಜಾರೂ ಆಯಿತು.