ಏದುಸಿರನ್ನು ಅಳೆಯುವಾಗ ನಾನು ಕೇಳುವ ಪ್ರಶ್ನೆಗಳು

ಕುರ್ಚಿಯಲ್ಲಿ ಕೂತಿರುವ ರೋಗಿಯನ್ನು "ಉಸಿರಾಟ ಹೇಗಿದೆ?" ಎಂದು ಕೇಳಿದರೆ "ಪರವಾಗಿಲ್ಲ ಡಾಕ್ಟ್ರೇ" ಎಂಬ ಉತ್ತರವೇ ಹೆಚ್ಚು. ಅದು ಸುಳ್ಳಲ್ಲ. ಪಲ್ಮನರಿ ಫೈಬ್ರೋಸಿಸ್‌ನಲ್ಲಿ ಶ್ವಾಸಕೋಶದೊಳಗೆ ಗಾಯದ ಕಲೆಯಂಥ ನಾರು ಬೆಳೆದು ಅದು ಬಿಗಿಯುತ್ತ ಹೋಗುತ್ತದೆ. ಆದರೂ ಸುಮ್ಮನೆ ಕೂತಾಗ ಬಹಳ ಕಾಲ ಏನೂ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತುವಾಗ, ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಾಗ, ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಏದುಸಿರು ಬರುತ್ತದೆ. ಆಳವಾಗಿ ಎಳೆಯಲು ಬಾರದ್ದರಿಂದ ಸಣ್ಣ ಸಣ್ಣ ಉಸಿರನ್ನು ಬೇಗ ಬೇಗ ತೆಗೆದುಕೊಳ್ಳಬೇಕು. ನಡೆಯುವಾಗ ರಕ್ತದ ಆಮ್ಲಜನಕವೂ ಇಳಿಯುತ್ತದೆ. ಹಾಗಾಗಿ ನಾನು ಏದುಸಿರಿಗೆ ಅಂಕಿ ಬರೆದಾಗಲೆಲ್ಲ, ಅದು ಯಾವ ಕೆಲಸ ಮಾಡುವಾಗಿನದು ಎಂಬುದನ್ನು ಪಕ್ಕದಲ್ಲೇ ಬರೆಯುತ್ತೇನೆ. ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಆ ಅಂಕಿಯನ್ನು ಯಾವುದಕ್ಕೂ ಹೋಲಿಸಲಾಗದು.

ಮೊದಲ ಭೇಟಿಯಲ್ಲಿ ಎಂಎಂಆರ್‌ಸಿ ಎಂಬ ಏದುಸಿರಿನ ಮಾಪಕ ಸಾಕು. ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶ ಕಾಯಿಲೆಯ ಅಧ್ಯಯನದಿಂದ ಬೆಳೆದು ಬಂದ ಮಾಪಕ ಇದು. ತೀರಾ ಶ್ರಮದ ಕೆಲಸದಲ್ಲಿ ಮಾತ್ರ ಏದುಸಿರು ಬಂದರೆ 0, ಬಿರುಸಾಗಿ ನಡೆದಾಗ ಅಥವಾ ಸಣ್ಣ ಏರು ಹತ್ತಿದಾಗ ಬಂದರೆ 1, ಸಮವಯಸ್ಕರ ಜೊತೆ ಹೆಜ್ಜೆ ಹಾಕಲಾಗದಿದ್ದರೆ 2, ಸುಮಾರು 100 ಮೀಟರ್ ನಡೆದು ನಿಲ್ಲಬೇಕಾದರೆ 3, ಬಟ್ಟೆ ಬದಲಿಸುವಾಗಲೂ ಏದುಸಿರು ಬರುವುದಾದರೆ, ಅದರಿಂದ ಮನೆ ಬಿಟ್ಟು ಹೊರಡಲಾಗದಿದ್ದರೆ 4. ಒಂದೇ ನಿಮಿಷದ ಕೆಲಸ. ಆದರೆ ಈ ಮಾಪಕದ ಮೆಟ್ಟಿಲುಗಳು ತುಂಬ ಅಗಲ. 2ರಲ್ಲಿರುವವರು ಸಾಕಷ್ಟು ಕುಸಿದ ಮೇಲೂ 2ರಲ್ಲೇ ಉಳಿಯಬಹುದು.

ಅದಕ್ಕಿಂತ ದೊಡ್ಡ ತೊಡಕು, ರೋಗಿ ತನ್ನ ಬದುಕನ್ನೇ ಸಣ್ಣದು ಮಾಡಿಕೊಂಡು ಏದುಸಿರನ್ನು ತಪ್ಪಿಸಿಕೊಳ್ಳುವುದು. ನಿಧಾನವಾಗಿ ನಡೆಯುತ್ತಾರೆ, ಭಾರ ಎತ್ತುವುದು ಬಿಡುತ್ತಾರೆ, ಮದುವೆ ಮುಂಜಿಗೆ ಹೋಗುವುದು ಬಿಡುತ್ತಾರೆ. ಮತ್ತೆ "ಹಾಗೇ ಇದೆ" ಅನ್ನುತ್ತಾರೆ. ಒಬ್ಬ ಹೆಂಗಸು ಎರಡು ಭೇಟಿಯಲ್ಲೂ ಒಂದೇ ದರ್ಜೆ ಹೇಳಿದ್ದರು. ಜೊತೆಗಿದ್ದ ಪತಿ ಮೆಲ್ಲಗೆ, "ಇವಳು ಮಹಡಿ ಹತ್ತೋದೇ ಬಿಟ್ಟಿದ್ದಾಳೆ, ಹಾಸಿಗೆ ಕೆಳಗೇ ಹಾಕಿಸಿಕೊಂಡಿದ್ದಾಳೆ" ಅಂದರು. ಅವರ ಸ್ಥಿತಿಯ ಬಗ್ಗೆ ಆ ದಿನ ನನಗೆ ಸಿಕ್ಕ ಅತ್ಯಂತ ಮುಖ್ಯವಾದ ಮಾಹಿತಿ ಅದೇ. "ಹೋದ ಸಲ ಬಂದಾಗ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ?" ಎಂದು ನಾನು ಎಲ್ಲರನ್ನೂ ಕೇಳುತ್ತೇನೆ, ಜೊತೆಯಲ್ಲಿ ಬಂದವರನ್ನೂ ಕೇಳುತ್ತೇನೆ. ರೋಗಿಯೇ ಆರಿಸಿದ ಮೂರು ಕೆಲಸಗಳನ್ನು ಕಡತದ ಮೊದಲ ಪುಟದಲ್ಲಿ ಬರೆದಿಟ್ಟು ಪ್ರತಿ ಭೇಟಿಯಲ್ಲೂ ಅವನ್ನು ಮಾಡುವಾಗಿನ ಏದುಸಿರಿಗೆ 0ಯಿಂದ 10ರೊಳಗೆ ಅಂಕ ಕೇಳುತ್ತೇನೆ. ಕೆಲಸ ಬಿಟ್ಟೇಬಿಟ್ಟಿದ್ದರೆ ಅಂಕದ ಜಾಗದಲ್ಲಿ "ಬಿಟ್ಟಿದ್ದಾರೆ" ಎಂದೇ ಬರೆಯುತ್ತೇನೆ, ಖಾಲಿ ಬಿಡುವುದಿಲ್ಲ.

ಉದ್ದದ ಪ್ರಶ್ನಾವಳಿಗಳಲ್ಲಿ ಯುಸಿಎಸ್‌ಡಿ ಎಂಬ ಏದುಸಿರಿನ ಪ್ರಶ್ನಾವಳಿ ನನಗೆ ಉಪಯೋಗಕ್ಕೆ ಬಂದಿದೆ: 24 ಪ್ರಶ್ನೆ, ಒಟ್ಟು 120 ಅಂಕ. ಐಪಿಎಫ್‌ (ಕಾರಣ ತಿಳಿಯದ ಪಲ್ಮನರಿ ಫೈಬ್ರೋಸಿಸ್) ರೋಗಿಗಳಲ್ಲಿ ಸುಮಾರು 8 ಅಂಕದಷ್ಟು ಬದಲಾದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕೆ-ಬಿಲ್ಡ್‌ನಲ್ಲಿ ಬದುಕಿನ ಗುಣಮಟ್ಟದ ಬಗ್ಗೆ 15 ಪ್ರಶ್ನೆಗಳಿವೆ. ಅದನ್ನು ಈ ಬಗೆಯ ಕಾಯಿಲೆಗಳಿಗೆಂದೇ ರೂಪಿಸಿದ್ದಾರೆ. ಡಿಸ್ಪ್ನಿಯಾ-12 ನನಗೆ ಇಷ್ಟವಾಗಲು ಕಾರಣವೇ ಬೇರೆ. ಉಸಿರು ಎಷ್ಟು ಸಾಲುತ್ತಿಲ್ಲ ಎಂಬುದನ್ನೂ ಅದು ಎಷ್ಟು ಹೆದರಿಸುತ್ತಿದೆ, ಕುಗ್ಗಿಸುತ್ತಿದೆ ಎಂಬುದನ್ನೂ ಆ ಪ್ರಶ್ನಾವಳಿ ಬಿಡಿಸಿ ಕೇಳುತ್ತದೆ. ಏದುಸಿರು ಮಧ್ಯಮವಾಗಿದ್ದು ಭಯ ವಿಪರೀತವಾಗಿರುವವರು ಇದ್ದಾರೆ. ಅವರಿಗೆ ಬೇಕಾದ ಸಹಾಯವೇ ಬೇರೆ.

ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ನಾನು ಬಹಳ ಕಟ್ಟುನಿಟ್ಟು. 30 ಮೀಟರ್ ಸಮತಟ್ಟಾದ ಓಣಿ, ಪ್ರತಿ ಸಲವೂ ಅದೇ ಓಣಿ, ಹುರಿದುಂಬಿಸುವ ಮಾತೂ ಅದೇ. ರೋಗಿಯ ಪಕ್ಕದಲ್ಲಿ ಹೆಜ್ಜೆ ಹಾಕುವುದಿಲ್ಲ, ಹಾಕಿದರೆ ಅವರು ನನ್ನ ವೇಗಕ್ಕೆ ಹೊಂದಿಕೊಳ್ಳುತ್ತಾರೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ 0-10ರ ಮಾಪಕವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಏದುಸಿರು ಎಷ್ಟಿದೆ ಎಂದು ಹೇಳಲು ನಡಿಗೆಗೆ ಮೊದಲು ಒಮ್ಮೆ, ಮುಗಿದ ಕೂಡಲೇ ಒಮ್ಮೆ ತೋರಿಸುತ್ತೇನೆ. ನಾನು ಎಂದೂ ತಪ್ಪಿಸದ ನಿಯಮ ಒಂದಿದೆ: ರೋಗಿ ಅಂಕ ಹೇಳುವವರೆಗೆ, ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್‌ನ ಅಂಕಿ ಅವರ ಕಣ್ಣಿಗೆ ಬೀಳಬಾರದು. 84 ಎಂದು ಕಂಡ ಕೂಡಲೇ ಏದುಸಿರೂ ಏರಿಬಿಡುತ್ತದೆ. 95 ಕಂಡರೆ ತಮಗೇನೂ ಆಗಿಲ್ಲವೇನೋ ಎಂದು ಅಂಕ ಇಳಿಸಿ ಹೇಳುತ್ತಾರೆ.

ಆಕ್ಸಿಮೀಟರನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಉಗುರುಬಣ್ಣ, ತಣ್ಣಗಾದ ಬೆರಳು ಅದನ್ನು ದಾರಿ ತಪ್ಪಿಸುತ್ತವೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ. ಚರ್ಮ ಗಡುಸಾಗುವ ಸ್ಕ್ಲೀರೋಡರ್ಮಾ ಕಾಯಿಲೆಯಿಂದ ಶ್ವಾಸಕೋಶ ಕೆಟ್ಟವರ ಬೆರಳಿನ ರಕ್ತಸಂಚಾರವೇ ಸರಿಯಿರುವುದಿಲ್ಲ, ಅಂಥವರಿಗೆ ಹಣೆಯ ಸೆನ್ಸರ್ ಬಳಸುತ್ತೇನೆ.

ದೂರ, ಬೋರ್ಗ್ ಅಂಕ, ಆಮ್ಲಜನಕ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಬೋರ್ಗ್ 6ರಿಂದ 4ಕ್ಕೆ ಇಳಿದು, ದೂರವೂ 60 ಮೀಟರ್ ಕಡಿಮೆಯಾಗಿದ್ದರೆ ಅದು ಸುಧಾರಣೆಯಲ್ಲ, ಅವರು ನಿಧಾನವಾಗಿ ನಡೆದಿದ್ದಾರೆ ಅಷ್ಟೆ. ದೂರ ಅಷ್ಟೇ ಇದ್ದು ಬೋರ್ಗ್ 3ರಿಂದ 6ಕ್ಕೆ ಏರಿದ್ದರೆ ನಾನು ಸುಮ್ಮನಿರುವುದಿಲ್ಲ. ನಡೆಯುವಾಗ ಆಮ್ಲಜನಕ ಇಳಿಯುವವರಿಗೆ ಹೊತ್ತೊಯ್ಯುವ ಸಿಲಿಂಡರ್ ಕೊಡುವ ಮುನ್ನವೂ ಇದೇ ಸಾಲು ನೆರವಾಗುತ್ತದೆ: ಅದಿಲ್ಲದೆ ಒಮ್ಮೆ, ಅದರೊಂದಿಗೆ ಒಮ್ಮೆ ನಡೆಸಿ ನೋಡುತ್ತೇನೆ. 2018ರಲ್ಲಿ ಪ್ರಕಟವಾದ ಆಂಬಾಕ್ಸ್ ಅಧ್ಯಯನದಲ್ಲಿ ಎರಡು ವಾರ ಹೀಗೆ ಆಮ್ಲಜನಕ ಬಳಸಿದಾಗ ಕೆ-ಬಿಲ್ಡ್ ಅಂಕ ಉತ್ತಮವಾಗಿತ್ತು. ಆದರೂ ಸಿಲಿಂಡರಿನ ಭಾರವೇ ಹೊರೆಯಾಗುವವರಿದ್ದಾರೆ, ಅವರನ್ನು ಒತ್ತಾಯಿಸುವುದಿಲ್ಲ.

ಎಫ್‌ವಿಸಿಯೂ ಡಿಎಲ್‌ಸಿಒ ಕೂಡ (ಶ್ವಾಸಕೋಶ ಎಷ್ಟು ಗಾಳಿ ಹೊರಹಾಕಬಲ್ಲದು, ಅನಿಲವನ್ನು ರಕ್ತಕ್ಕೆ ಎಷ್ಟು ಚೆನ್ನಾಗಿ ದಾಟಿಸಬಲ್ಲದು ಎಂಬ ಅಳತೆಗಳು) ಸ್ಥಿರವಾಗಿದ್ದು ಏದುಸಿರು ಮಾತ್ರ ಏರುತ್ತಿದ್ದರೆ ಫೈಬ್ರೋಸಿಸ್ ಮೇಲೆ ಎಲ್ಲವನ್ನೂ ಹೊರಿಸುವುದು ಅಪಾಯ. ರಕ್ತಹೀನತೆ, ಹೃದಯದ ತೊಂದರೆ, ಶ್ವಾಸಕೋಶದ ರಕ್ತನಾಳದ ಒತ್ತಡ, ಹೆಪ್ಪುಗಟ್ಟಿದ ರಕ್ತ, ಓಡಾಟ ನಿಂತು ಸೊರಗಿದ ಕಾಲಿನ ಸ್ನಾಯು, ಇವನ್ನೆಲ್ಲ ಹುಡುಕುತ್ತೇನೆ. ಇದಕ್ಕೆ ವ್ಯತಿರಿಕ್ತವಾಗಿ, ಪಲ್ಮನರಿ ರಿಹ್ಯಾಬ್ ವ್ಯಾಯಾಮದ ನಂತರ ಎಫ್‌ವಿಸಿ ಒಂದಿಷ್ಟೂ ಬದಲಾಗದೆ ಏದುಸಿರಿನ ಅಂಕ ಇಳಿಯುತ್ತದೆ. ಯಂತ್ರ ತೋರಿಸದಿದ್ದರೂ ಅದು ನಿಜವಾದ ಲಾಭವೇ.

ಕೂತಲ್ಲೇ ಏದುಸಿರು ಬರುವ ಹಂತದವರನ್ನು ನಾನು ನಡೆಸುವುದಿಲ್ಲ, 24 ಪ್ರಶ್ನೆಯ ಹಾಳೆಯನ್ನೂ ಕೊಡುವುದಿಲ್ಲ. ಮಾತನಾಡುವುದೇ ಅವರಿಗೆ ಆಯಾಸ. ಉಸಿರಿಗೆ ಎಷ್ಟು, ಹೆದರಿಕೆಗೆ ಎಷ್ಟು ಎಂದು ಎರಡೇ ಅಂಕ. ಬೆರಳಲ್ಲಿ ತೋರಿಸಿದರೂ ಆಯಿತು. ಮನೆಯವರಿಗೂ ಇದನ್ನು ಹೇಳಿಕೊಡುತ್ತೇನೆ. ಮುಖಕ್ಕೆ ಸಣ್ಣ ಫ್ಯಾನಿನ ಗಾಳಿ ಹಿಡಿಯುವ ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು, ಯಾವ ಭಂಗಿಯಲ್ಲಿ ಕೂರಿಸಿದಾಗ ಇಳಿಯಿತು ಎಂದು ಅವರು ಬರೆದು ತಂದರೆ, ಔಷಧಿಯ ಪ್ರಮಾಣವನ್ನು ನಾನು ಅದನ್ನು ನೋಡಿಯೇ ತೀರ್ಮಾನಿಸುತ್ತೇನೆ.